ಸರ್ಫಿಂಗ್‌ಗೆ ಹೊರಟವರೇ, ಮೊದಲು ಭುಜ ನೋಡಿಕೊಳ್ಳಿ

ಸೋಮವಾರ ಬೆಳಿಗ್ಗೆ ಹಾಸನದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಯಾರಾದರೂ ಮುಖ ಬಿಸಿಲಿಗೆ ಸುಟ್ಟುಕೊಂಡು ಬಂದು, ಶರ್ಟಿನ ತೋಳು ಬಿಚ್ಚಲಾಗದೆ ಒದ್ದಾಡಿದರೆ ನಾನು ಕೇಳುವುದು ಒಂದೇ: "ಮೂಲ್ಕಿಗೆ ಹೋಗಿದ್ರಾ?"

ಶಿರಾಡಿ ಘಾಟಿ ಇಳಿದರೆ ಕರಾವಳಿ. ಶನಿವಾರ, ಭಾನುವಾರ ಮೂಲ್ಕಿಯಲ್ಲಿ ಅಲೆ ಸವಾರಿ ಕಲಿಸುವ ಸರ್ಫ್ ಕ್ಯಾಂಪ್, ರಾತ್ರಿ ವಾಪಸ್. ಹೋಗಿ, ಖಂಡಿತ ಹೋಗಿ. ಆದರೆ ಹೋಗುವ ಮುಂಚೆ ಬರೀ ಬಸ್ಕಿ ಹೊಡೆಯುತ್ತಾ ಕೂರಬೇಡಿ ಅಂತ ಎಷ್ಟು ಜನಕ್ಕೆ ಹೇಳಲಿ!

ಸರ್ಫಿಂಗ್ ಅಂದರೆ ಬೋರ್ಡ್ ಮೇಲೆ ನಿಲ್ಲುವುದು, ಕಾಲು ಗಟ್ಟಿ ಇದ್ದರೆ ಸಾಕು ಅನ್ನೋದು ಇವರ ಲೆಕ್ಕ. ಫೋಟೋದಲ್ಲಿ ಕಾಣುವುದು ಅದೇ ಅಲ್ವಾ? ಆದರೆ ಸ್ಪರ್ಧೆಗಿಳಿದ ಸರ್ಫರ್‌ಗಳ ಸಮಯ ಅಳೆದು ನೋಡಿದ್ದಾರೆ. ಹೆಚ್ಚುಕಡಿಮೆ ಅರ್ಧ ಹೊತ್ತು ಬೋರಲು ಮಲಗಿ ಕೈಯಲ್ಲಿ ನೀರು ಎಳೆಯುವುದೇ ಆಗುತ್ತದೆ. ನಿಂತು ಅಲೆ ಸವಾರಿ ಮಾಡುವುದು ನೂರಕ್ಕೆ ನಾಲ್ಕೈದು ಪಾಲು. ಪಳಗಿದವರ ಕಥೆಯೇ ಹೀಗೆ. ಹೊಸಬರಿಗೆ ತರಬೇತುದಾರರು ಸೊಂಟದುದ್ದ ನೀರಲ್ಲಿ ನಿಂತು ಬೋರ್ಡ್ ತಳ್ಳಿಕೊಡುತ್ತಾರೆ, ನಿಜ. ಆದರೂ ಪ್ರತಿ ಸಲ ಎದೆ ಎತ್ತಬೇಕು, ಕೈ ಬೀಸಬೇಕು, ಎರಡೂ ಕೈ ಊರಿ ಮೇಲೇಳಬೇಕು. ಬೀಳುತ್ತೀರಿ, ಮತ್ತೆ ಅದೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಯನ್ನು ತಲೆಯ ಮುಂದಕ್ಕೆ ಚಾಚಿದಾಗ ಬೆನ್ನಿನ ಕಡೆ ಇರುವ ಹೆಗಲೆಲುಬೂ ತಿರುಗಿ ಜಾಗ ಬಿಡಬೇಕು. ಅದು ತಿರುಗಬೇಕಾದರೆ ಮೇಲ್ಬೆನ್ನು ಹಿಂದಕ್ಕೆ ಬಾಗಬೇಕು. ವರ್ಷವಿಡೀ ಲ್ಯಾಪ್‌ಟಾಪ್ ಮುಂದೆ ಗೂನಾಗಿ ಕೂತ ಬೆನ್ನು ಎಲ್ಲಿ ಬಾಗುತ್ತದೆ? ಆಗ ಭುಜದ ಮೂಳೆಗಳ ನಡುವೆ ಹಾದುಹೋಗುವ ಸ್ನಾಯುವಿನ ಹುರಿ ಇಕ್ಕಟ್ಟಿಗೆ ಸಿಕ್ಕಿ ಉಜ್ಜುತ್ತದೆ. ಎರಡು ದಿನದಲ್ಲಿ ನೂರಾರು ಸಲ. ಬೆನ್ನು ಮಾಡದ ಕೆಲಸ ಕತ್ತಿನ ಮೇಲೆ, ಸೊಂಟದ ಮೇಲೆ ಬೀಳುತ್ತದೆ. ಎಲ್ಲ ಭುಜನೋವಿಗೂ ಇದೇ ಕಾರಣ ಅಂತಲ್ಲ, ಕೈ ಇಟ್ಟು ನೋಡದೆ ಹೇಳಲಾಗದು.

ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಚಾಪೆ ಮೇಲೆ ಬೋರಲು ಮಲಗಿ, ಎದೆ ಎರಡು ಇಂಚು ಎತ್ತಿ, ಒಂದಾದ ಮೇಲೊಂದು ಕೈ ಮುಂದೆ ಚಾಚಿ ಹಿಂದಕ್ಕೆಳೆಯಿರಿ. ನಿಮಿಷದೊಳಗೆ ಭುಜ ಕಿವಿ ಹತ್ತಿರ ಏರಿದರೆ ನೀವಿನ್ನೂ ತಯಾರಿಲ್ಲ. ಮೂರ್ನಾಲ್ಕು ವಾರ ದಿನಾ ಇದನ್ನೇ ಮಾಡಿ, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ. ಈಗಾಗಲೇ ನೋವಿದ್ದರೆ ಮೊದಲು ತೋರಿಸಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಹೇಳದೆ ನಾನು ಯಾರನ್ನೂ ಕಳಿಸುವುದಿಲ್ಲ. ಬೆನ್ನು ಬಾಗಿಸಿಕೊಂಡು ಬಹಳ ಹೊತ್ತು ಬೋರಲು ಮಲಗಿದವರಲ್ಲಿ, ಅದರಲ್ಲೂ ಹೊಸಬರಲ್ಲಿ, ಬಹಳ ಅಪರೂಪಕ್ಕೆ ಬೆನ್ನುಹುರಿಗೇ ಪೆಟ್ಟಾಗುತ್ತದೆ. ಅಲ್ಲಿಗೆ ರಕ್ತ ಸರಿಯಾಗಿ ಹರಿಯದೆ ಹೀಗಾಗುತ್ತದೆ ಅಂತ ವೈದ್ಯರ ಅಂದಾಜು. ಹವಾಯಿಯ ವೈದ್ಯರು 2004ರಲ್ಲಿ ಇದನ್ನು ಸರ್ಫರ್ಸ್ ಮೈಲೋಪತಿ ಅಂತ ಕರೆದರು. ಬೀಳದೇ ಇದ್ದರೂ ಇದ್ದಕ್ಕಿದ್ದಂತೆ ಬೆನ್ನು ನೋವು ಬಂದು ಕಾಲು ಜೋಮು ಹಿಡಿದರೆ, ಶಕ್ತಿ ಹೋದಂತಾದರೆ, ಮೂತ್ರ ಕಟ್ಟಿದರೆ ತಕ್ಷಣ ನೀರಿನಿಂದ ಹೊರಬಂದು ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಉಜ್ಜಿಸಿಕೊಳ್ಳುವುದು, ಮಲಗಿದರೆ ಸರಿಹೋಗುತ್ತೆ ಅಂತ ಕಾಯುವುದು ಬೇಡವೇ ಬೇಡ. ಪಾಠದ ಮಧ್ಯೆಯೂ ಆಗಾಗ ಎದ್ದು ಕೂರಿ.

ಸಕಲೇಶಪುರದ ಕಡೆಯ ಒಬ್ಬರು, ವಯಸ್ಸು ನಲವತ್ತು ದಾಟಿದೆ, ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಕ್ಯಾಂಪ್‌ಗೆ ಹೊರಟಿದ್ದರು. ಹೇಳಿದ್ದನ್ನು ತಪ್ಪದೆ ಮಾಡಿದರು. ಖಾಲಿಯಾದ ಕಾಫಿ ಕಣದಲ್ಲಿ ಗೋಣಿಚೀಲ ಹಾಸಿಕೊಂಡು ದಿನಾ ಬೆಳಿಗ್ಗೆ ಕೈ ಬೀಸುತ್ತಿದ್ದರಂತೆ. "ಕಣದಲ್ಲೇ ಈಜ್ತೀಯೇನಮ್ಮಾ?" ಅಂತ ಅತ್ತೆ ಕೇಳಿದರಂತೆ. ಎರಡನೇ ದಿನ ಸಂಜೆ ಮೂಲ್ಕಿಯಿಂದಲೇ ಫೋನ್ ಮಾಡಿದರು.

"ಡಾಕ್ಟ್ರೇ, ಮೈಯೆಲ್ಲ ನೋವು. ಆದ್ರೆ ಜಡೆ ನಾನೇ ಹಾಕ್ಕೊಂಡೆ."