ಪೆಟ್ರೋಲ್ ಟ್ಯಾಂಕ್ ‘ಸುಯ್’ ಎಂದರೆ ಸಿಡಿಯುತ್ತದೆಯೇ?

ಪ್ರಶ್ನೆ: ಸಾರ್, ನನ್ನದು ಹತ್ತು ವರ್ಷದ ಹಳೆಯ ಬೈಕು. ಮೂಡಿಗೆರೆಯಿಂದ ಹಾಸನಕ್ಕೆ ಬಂದು ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ತೆಗೆದರೆ ‘ಸುಯ್’ ಎಂದು ಸದ್ದು ಬರುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಟ್ಯಾಂಕಿನ ಕೆಳಗಿನಿಂದ ‘ಟಿಕ್ ಟಿಕ್’ ಕೇಳಿಸುತ್ತದೆ. ಒಳಗೆ ಗ್ಯಾಸ್ ತುಂಬಿಕೊಂಡಿದೆ, ಬಿಸಿಲಿಗೆ ಸಿಡಿಯುತ್ತದೆ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಬಿಡು, ಅರ್ಧ ಟ್ಯಾಂಕಿಗಿಂತ ಹೆಚ್ಚು ಹಾಕಿಸಬೇಡ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷವೂ ಉತ್ತರಿಸಿದ್ದೇನೆ. ಆದರೂ ಮುಂದಿನ ಬೇಸಿಗೆಗೆ ಅದೇ ಸಂದೇಶ ಅದೇ ಮಾತುಗಳಲ್ಲಿ ಮತ್ತೆ ಫೋನಿನಿಂದ ಫೋನಿಗೆ ಹರಿದು ಬರುವುದರಿಂದ, ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ‘ಟಿಕ್ ಟಿಕ್’ ಸದ್ದನ್ನು ಬದಿಗಿಡೋಣ. ಅದು ಟ್ಯಾಂಕಿನದೇ ಅಲ್ಲ. ಓಡಿ ಬಂದ ಗಾಡಿಯ ಸೈಲೆನ್ಸರ್ ಪೈಪು ತಣ್ಣಗಾಗುತ್ತಾ ಕುಗ್ಗುವಾಗ ಬರುವ ಸದ್ದು ಅದು. ಸಂಜೆ ಬಿಸಿಲು ಇಳಿದ ಮೇಲೆ ತಗಡಿನ ಮಾಡು ಟಿಕ್ಕೆನ್ನುವುದೂ ಇದೇ ಕಾರಣಕ್ಕೆ. ಹತ್ತು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ.

‘ಸುಯ್’ ಎನ್ನುವ ಸದ್ದಿನ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗಾಳಿ ಹೊರಗೆ ಬಂತೋ, ಒಳಗೆ ಹೋಯಿತೋ? ಬಹಳ ಮಂದಿ ಇದನ್ನು ಗಮನಿಸುವುದೇ ಇಲ್ಲ. ಮುಚ್ಚಳ ಸಡಿಲಿಸುವಾಗ ಅದರ ಪಕ್ಕದಲ್ಲಿ ತೆಳುವಾದ ಕಾಗದದ ಚೂರೊಂದನ್ನು ಹಿಡಿದರೆ ಗೊತ್ತಾಗುತ್ತದೆ. ಹೊರಗೆ ಬಂದರೆ ಕಾಗದ ಹಾರುತ್ತದೆ, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ಹೋದರೆ ಕಾಗದ ಮುಚ್ಚಳದ ಕಡೆಗೆ ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಮುಚ್ಚಳವೇ ಕಚ್ಚಿಕೊಂಡಂತೆ ಬಿಗಿಯಾಗಿರುತ್ತದೆ.

ಗಾಳಿ ಹೊರಗೆ ಬರುವುದು ಸಾಮಾನ್ಯವಾಗಿ ಸಹಜ. ಪೆಟ್ರೋಲು ಬಿಸಿಯಾದಷ್ಟೂ ಹೆಚ್ಚು ಆವಿಯಾಗುತ್ತದೆ, ಮುಚ್ಚಳದ ಕವಾಟ ಅದರಲ್ಲಿ ಒಂದಿಷ್ಟು ಒತ್ತಡವನ್ನು ಹಿಡಿದಿಡುತ್ತದೆ. ನಮ್ಮ ಊರುಗಳಿಗೆ ಇನ್ನೊಂದು ಕಾರಣವೂ ಇದೆ. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿಯಂತೂ 1,900 ಮೀಟರ್ ದಾಟುತ್ತದೆ. ಒಂದು ಸಾವಿರ ಮೀಟರ್ ಏರಿದರೆ ಹೊರಗಿನ ವಾಯುಒತ್ತಡ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದವರ ಟ್ಯಾಂಕು ಸಕಲೇಶಪುರದಲ್ಲಿ ಹೊರಗೆ ಊದುವುದು, ಚಾರ್ಮಾಡಿ ಇಳಿದವರ ಟ್ಯಾಂಕು ಉಜಿರೆಯಲ್ಲಿ ಒಳಗೆ ಎಳೆಯುವುದು ಇದರಿಂದಲೇ. ಕೊಟ್ಟಿಗೆಹಾರದಲ್ಲಿ ಬಿರಡೆ ಹಾಕಿಟ್ಟ ಖಾಲಿ ನೀರಿನ ಬಾಟಲಿ ಘಾಟಿ ಇಳಿದ ಮೇಲೆ ಚಪ್ಪಟೆಯಾಗಿರುವುದನ್ನು ನೀವು ನೋಡಿರುತ್ತೀರಿ.

ಈಗ ಸಿಡಿಯುವ ಮಾತಿಗೆ ಬರೋಣ. ಇದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಪೆಟ್ರೋಲಿನ ಆವಿ ಉರಿಯಬೇಕಾದರೆ ಅದು ಗಾಳಿಯೊಂದಿಗೆ ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತಿರಬೇಕು. ಗಾಳಿಯಲ್ಲಿ ಆವಿಯ ಪಾಲು ನೂರಕ್ಕೆ ಸುಮಾರು 1.4ರಿಂದ 7.6ರ ನಡುವೆ ಇದ್ದರೆ ಮಾತ್ರ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಆವಿ ಸಾಲದು, ಹೆಚ್ಚಾದರೆ ಉರಿಸಲು ಗಾಳಿ ಸಾಲದು. ದ್ರವ ಪೆಟ್ರೋಲು ಇರುವ ಮುಚ್ಚಿದ ಟ್ಯಾಂಕಿನಲ್ಲಿ, ನಮ್ಮ ಹವೆಯಲ್ಲಿ, ಆವಿಯ ಪಾಲು ಈ ಮೇಲ್ಮಿತಿಗಿಂತ ಎಷ್ಟೋ ಹೆಚ್ಚಾಗಿರುತ್ತದೆ. ಅಲ್ಲದೆ ಕಿಡಿಯಿಲ್ಲದೆ ಬರಿಯ ಶಾಖದಿಂದಲೇ ಪೆಟ್ರೋಲು ಹೊತ್ತಿಕೊಳ್ಳಬೇಕಾದರೆ 250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚಿನ ಉಷ್ಣತೆ ಬೇಕು. ಬಿಸಿಲಿನಲ್ಲಿ ನಿಂತ ಟ್ಯಾಂಕು ಕೈ ಸುಡುವಷ್ಟು ಕಾದರೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಉಷ್ಣತೆ 42 ಡಿಗ್ರಿ ದಾಟುತ್ತದೆ, ಬೈಕುಗಳು ಅಲ್ಲಿ ದಿನವಿಡೀ ಬಯಲಿನಲ್ಲಿ ನಿಂತಿರುತ್ತವೆ. ಬಿಸಿಲಿಗೇ ಟ್ಯಾಂಕು ಸಿಡಿಯುವುದಾಗಿದ್ದರೆ ಆ ಊರುಗಳಲ್ಲಿ ಯಾರೂ ಬೈಕು ಇಟ್ಟುಕೊಳ್ಳಲು ಸಾಧ್ಯವಿರಲಿಲ್ಲ.

ಅರ್ಧ ಟ್ಯಾಂಕಿನ ಸಲಹೆಗೂ ಆಧಾರವಿಲ್ಲ. ಪೆಟ್ರೋಲು ಒಂದು ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹನ್ನೆರಡು ಲೀಟರ್ ಪೆಟ್ರೋಲು 25 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಹಿಗ್ಗುವುದು ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಟ್ಯಾಂಕಿನ ಬಾಯಿಯ ಕೊಳವೆಯನ್ನು ಒಳಕ್ಕೆ ಇಳಿಬಿಟ್ಟಿರುವುದೇ ಆ ಜಾಗ ಉಳಿಯಲೆಂದು. ಈ ಸಂದೇಶ ಇಂಡಿಯನ್ ಆಯಿಲ್ ಸಂಸ್ಥೆಯ ಹೆಸರಿನಲ್ಲೇ ಹರಿದಾಡಿದ್ದರಿಂದ ಆ ಸಂಸ್ಥೆಯೇ ಅದನ್ನು ಬಹಿರಂಗವಾಗಿ ಅಲ್ಲಗಳೆದು, ಚಳಿಗಾಲವಿರಲಿ ಬೇಸಿಗೆಯಿರಲಿ, ವಾಹನ ತಯಾರಕರು ಸೂಚಿಸಿದ ಗರಿಷ್ಠ ಮಟ್ಟದವರೆಗೆ ತುಂಬಿಸುವುದು ಸುರಕ್ಷಿತವೆಂದು ತಿಳಿಸಿದೆ. ಮಾಡಬಾರದ್ದು ಒಂದಿದೆ: ಗಾಡಿ ಅಲುಗಾಡಿಸಿ ಮುಚ್ಚಳದ ಅಂಚಿನವರೆಗೆ ತುಂಬಿಸುವುದು. ಆಗ ಹಿಗ್ಗಿದ ಪೆಟ್ರೋಲು ಹೊರಗೆ ಸೋರುತ್ತದೆ. ಇದ್ದಿಲು ತುಂಬಿದ ಕ್ಯಾನಿಸ್ಟರ್ ಇರುವ ಹೊಸ ಗಾಡಿಗಳಲ್ಲಿ ಅದು ಕ್ಯಾನಿಸ್ಟರಿಗೆ ನುಗ್ಗಿ, ಆವಿಯನ್ನು ಹೀರಬೇಕಾದ ಇದ್ದಿಲನ್ನೇ ಕೆಡಿಸುತ್ತದೆ.

ನನಗೆ ನಿಜವಾಗಿ ಆತಂಕ ತರುವುದು ‘ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಬಿಡಿ’ ಎಂಬ ಮಾತು. ಟ್ಯಾಂಕಿನೊಳಗೆ ಉರಿಯಲಾರದಷ್ಟು ದಟ್ಟವಾಗಿದ್ದ ಆವಿ ಹೊರಬಂದು ಗಾಳಿಯೊಂದಿಗೆ ಬೆರೆತಾಗಲೇ ಮೇಲೆ ಹೇಳಿದ ಅಪಾಯದ ಪ್ರಮಾಣಕ್ಕೆ ಇಳಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹಾರಿಹೋಗದೆ ಕೆಳಗೆ, ಕಾದ ಇಂಜಿನ್ನಿನ ಕಡೆಗೆ, ನೆಲದ ಕಡೆಗೆ ಇಳಿಯುತ್ತದೆ. ಮನೆಯ ಹಜಾರದಲ್ಲಿಯೋ, ಬಚ್ಚಲೊಲೆಯ ಪಕ್ಕದ ಕೊಟ್ಟಿಗೆಯಲ್ಲಿಯೋ ಗಾಡಿ ನಿಲ್ಲಿಸಿ ಮುಚ್ಚಳ ತೆರೆದಿಡುವವರು ಇಲ್ಲದ ಅಪಾಯವನ್ನು ದೂರ ಮಾಡಲು ಹೋಗಿ ಇರುವ ಅಪಾಯವನ್ನು ಮನೆಯೊಳಗೆ ಕರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೈಕಿಗೆ ಬೆಂಕಿ ಹತ್ತುವ ದಾರಿಗಳೇ ಬೇರೆ: ಬಿರುಕು ಬಿಟ್ಟ ಪೆಟ್ರೋಲ್ ಪೈಪು, ಸಡಿಲವಾದ ಕ್ಲಿಪ್ಪು, ಹೆಚ್ಚುವರಿ ಹಾರ್ನಿಗೂ ಲೈಟಿಗೂ ಫ್ಯೂಸಿಲ್ಲದೆ ಎಳೆಸಿದ ವೈರು. ಮುಚ್ಚಳ ತೆರೆಯುವ ಕಾಳಜಿಯನ್ನು ವರ್ಷಕ್ಕೊಮ್ಮೆ ಆ ಪೈಪಿನ ಮೇಲೆ ತೋರಿಸಿದರೆ ಸಾಕು.

ಇನ್ನು ಗಾಳಿ ಒಳಗೆ ಹೋಗುವ ‘ಸುಯ್’. ಘಾಟಿ ಇಳಿಯದೆಯೂ ಪ್ರತಿ ಸಲ ಹೀಗಾಗುತ್ತಿದ್ದರೆ ಅದು ದೋಷವೇ, ನಿಮ್ಮ ಗಾಡಿಯದೂ ಇದೇ ಇರಬಹುದು. ಪೆಟ್ರೋಲು ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಸಣ್ಣ ಗಾಳಿದಾರಿ ಇರುತ್ತದೆ. ಕೆಮ್ಮಣ್ಣಿನ ಧೂಳು ಕೂತೋ ತುಕ್ಕು ಹಿಡಿದೋ ಅದು ಮುಚ್ಚಿಹೋದರೆ ಒಳಗೆ ನಿರ್ವಾತ ಬೆಳೆಯುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಚೆನ್ನಾಗಿ ಓಡಿದ ಗಾಡಿ ರಿಸರ್ವಿಗೆ ಬಂದಂತೆ ಎಳೆತ ಕಳೆದುಕೊಂಡು ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಹೊರಡುತ್ತದೆ. ಟ್ಯಾಂಕಿನ ತಗಡು ಒಳಕ್ಕೆ ಬಾಗಿ, ಮುಚ್ಚಳ ತೆಗೆದ ಕೂಡಲೇ ಸೀಮೆಎಣ್ಣೆ ಡಬ್ಬದ ತಳ ಒತ್ತಿ ಬಿಟ್ಟಂತೆ ‘ಟಣ್’ ಎನ್ನುವುದೂ ಉಂಟು. ಈ ಒಂದು ತೊಂದರೆಗಾಗಿ ಪ್ಲಗ್ಗು ಬದಲಿಸಿ, ಕಾರ್ಬುರೇಟರ್ ಮೂರು ಸಲ ಬಿಚ್ಚಿಸಿ, ಕೊನೆಗೆ ಗಾಡಿಯನ್ನೇ ಮಾರಲು ಹೊರಟವರನ್ನು ನಾನು ನೋಡಿದ್ದೇನೆ. ಗಾಡಿ ನಿಂತಾಗ ಮುಚ್ಚಳ ಒಮ್ಮೆ ತೆರೆದು ಮುಚ್ಚಿ, ತಕ್ಷಣ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ರೆಕ್ಸಿನ್ನಿನ ಟ್ಯಾಂಕ್ ಕವರ್ ಹಾಕಿಸಿದ್ದರೆ ಮೊದಲು ಅದನ್ನು ತೆಗೆದು ಓಡಿಸಿ ನೋಡಿ. ಅದರ ಮೇಲುಹೊದಿಕೆಯೇ ಗಾಳಿದಾರಿಯನ್ನು ಒತ್ತಿ ಹಿಡಿದಿರುತ್ತದೆ. ಆಮೇಲೂ ಸರಿಹೋಗದಿದ್ದರೆ ಮುಚ್ಚಳ ಬಿಚ್ಚಿಸಿ ತೊಳೆಸಿ, ಅಥವಾ ಹೊಸದನ್ನು ಹಾಕಿಸಿ. ಮೊಳೆಯಿಂದ ತೂತು ಕೊರೆಸಬೇಡಿ, ಮಳೆನೀರು ಅದೇ ದಾರಿಯಲ್ಲಿ ಇಳಿಯುತ್ತದೆ.

ಮಳೆನೀರೆಂದಾಗ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಅನೇಕ ಗಾಡಿಗಳಲ್ಲಿ ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ನಿಂತ ನೀರು ಹರಿದುಹೋಗಲು ಒಂದು ತೂತು, ಅದಕ್ಕೊಂದು ಸಣ್ಣ ಪೈಪು ಇರುತ್ತದೆ. ತೋಟದ ಮನೆಗಳಲ್ಲಿ ಕುಂಬಾರ ಹುಳು ಆ ಪೈಪಿನ ಬಾಯಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಮಲೆನಾಡಿನ ಮಳೆಯಲ್ಲಿ ನೀರು ಅಲ್ಲೇ ನಿಂತು, ಹಳೆಯ ರಬ್ಬರಿನ ಪಕ್ಕದಿಂದ ಟ್ಯಾಂಕಿಗೆ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಸ್ವಲ್ಪ ನೀರನ್ನು ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಇಂಜಿನ್ನಿಗೆ ಪೆಟ್ರೋಲು ಹೋಗುವುದು ತಳದಿಂದಲೇ. ಜೂನಿಗೆ ಮುಂಚೆ ತೆಳುವಾದ ನೈಲಾನ್ ಎಳೆಯನ್ನು ಆ ಪೈಪಿನಲ್ಲಿ ಆಡಿಸಿ, ಮೇಲಿನಿಂದ ಒಂದು ಲೋಟ ನೀರು ಸುರಿದು ಕೆಳಗೆ ಬರುವುದೋ ನೋಡಿ. ಸುರಿಯುವಾಗ ಮುಚ್ಚಳ ಹಾಕಿರಲಿ. ಒಂದೆರಡು ತಿಂಗಳು ಓಡಿಸದೆ ಇಡುವುದಾದರೆ ಟ್ಯಾಂಕನ್ನು ಖಾಲಿ ಬಿಡುವುದಕ್ಕಿಂತ ಸೂಚಿಸಿದ ಮಟ್ಟದವರೆಗೆ ತುಂಬಿಸಿಡುವುದು ಮೇಲು, ತೇವದ ಗಾಳಿಗೆ ತುಕ್ಕು ಹಿಡಿಸಲು ಒಳಗೆ ಜಾಗ ಕಡಿಮೆಯಾಗುತ್ತದೆ. ಕಾರ್ಬುರೇಟರ್ ಇರುವ ನಿಮ್ಮಂಥ ಗಾಡಿಯಲ್ಲಿ ಪೆಟ್ರೋಲ್ ಕಾಕ್ ಮುಚ್ಚಿಡುವುದನ್ನು ಮರೆಯಬಾರದು.

ಇಂಜೆಕ್ಷನ್ ಗಾಡಿ ಇರುವವರು ಮಳೆಗಾಲ ಕಳೆದ ಮೇಲೆ ಇನ್ನೊಂದು ಸದ್ದನ್ನು ಕೇಳಿಸಿಕೊಳ್ಳಬೇಕು. ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡು ‘ಝುಂಯ್’ ಎಂದು ನಿಲ್ಲುವುದು ಆರೋಗ್ಯದ ಲಕ್ಷಣ. ಆ ಸದ್ದು ಕೀರಲಾಗಿದ್ದರೆ ಫಿಲ್ಟರಿನಲ್ಲಿ ತುಕ್ಕಿನ ಪುಡಿ ಕೂತಿರಬಹುದು, ಅಥವಾ ಪೆಟ್ರೋಲು ತೀರಾ ಕಡಿಮೆಯಿರಬಹುದು. ಪಂಪಿಗೆ ತಂಪು ಸಿಗುವುದು ಅದರ ಸುತ್ತಲಿನ ಪೆಟ್ರೋಲಿನಿಂದಲೇ ಆದ್ದರಿಂದ ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಸೋಲುತ್ತದೆ. ಗಾಡಿ ಸರಿಯಿರುವಾಗಲೇ ಆ ಸದ್ದನ್ನು ಫೋನಿನಲ್ಲಿ ಒಮ್ಮೆ ಧ್ವನಿಮುದ್ರಿಸಿಟ್ಟುಕೊಳ್ಳಿ. ಅನುಮಾನ ಬಂದಾಗ ಗ್ಯಾರೇಜಿನಲ್ಲಿ ಎರಡನ್ನೂ ಕೇಳಿಸಿದರೆ ಮೆಕ್ಯಾನಿಕ್ಕಿಗೆ ಟ್ಯಾಂಕು ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.