ಟ್ಯಾಪೆಟ್ ಮಾಡಿಸಿದರೂ ಮತ್ತೆ ಮತ್ತೆ ಸದ್ದು ಬರುವುದೇಕೆ?

ಪ್ರಶ್ನೆ: ಪೊನ್ನಂಪೇಟೆಯಿಂದ ದಿನವೂ ತೋಟಕ್ಕೆ ಬೈಕಿನಲ್ಲಿ ಓಡಾಡುತ್ತೇನೆ. ಟ್ಯಾಪೆಟ್ ಮಾಡಿಸಿದ ಕೆಲವೇ ವಾರಗಳಲ್ಲಿ ಮತ್ತೆ ಟಿಕ್ ಟಿಕ್ ಸದ್ದು ಶುರುವಾಗುತ್ತದೆ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಆಗುವುದೂ ಕಷ್ಟವಾಗಿದೆ. ಕಾರಣವೇನು?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳು ಸಾಮಾನ್ಯವಾಗಿ ಎರಡು ವಿರುದ್ಧ ದೋಷಗಳನ್ನು ಸೂಚಿಸುತ್ತವೆ. ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳೇ ವಾಲ್ವ್‌ಗಳು; ಅವನ್ನು ಒತ್ತಿ ತೆರೆಯುವ ತೋಳು ರಾಕರ್. ಇವೆರಡರ ನಡುವಿನ ಅಂತರವನ್ನು ಸ್ಕ್ರೂ ತಿರುಗಿಸಿ ಹೊಂದಿಸುವುದೇ ಟ್ಯಾಪೆಟ್ ಕೆಲಸ. ಈ ಅಂತರ ಹೆಚ್ಚಾದಾಗ ಸದ್ದು ಬರುತ್ತದೆ. ಅದು ತೀರಾ ಕಡಿಮೆಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಸೋರಿ, ಸ್ಟಾರ್ಟಿಂಗ್ ತೊಂದರೆ ಶುರುವಾಗುತ್ತದೆ. ಸದ್ದು ಅಡಗುವವರೆಗೂ ಸ್ಕ್ರೂ ಬಿಗಿದಿದ್ದರೆ ಮೊದಲ ದೋಷ ಎರಡನೆಯದಾಗಿ ಬದಲಾಗಿರುವ ಸಾಧ್ಯತೆ ಹೆಚ್ಚು. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಸೀಟಿಗೆ (ಮುಚ್ಚಿದಾಗ ಅದು ಕೂರುವ ಉಂಗುರ) ತಾಗಿರುವಾಗಲೇ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗ) ದಾಟಿಸುವುದರಿಂದ, ಸರಿಯಾಗಿ ಕೂರದ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಎಂಜಿನ್ನಿಗಿಂತ ಹೀಗೆ ಬಿಗಿದು ಸುಮ್ಮನಾಗಿಸಿದ ಎಂಜಿನ್ನಿನ ಬಗ್ಗೆ ನನಗೆ ಹೆಚ್ಚು ಆತಂಕ.

ಆದ್ದರಿಂದ ಮುಂದಿನ ಸಲ ಸ್ಕ್ರೂ ಮುಟ್ಟುವ ಮೊದಲು ಈಗಿರುವ ಅಂತರವನ್ನು ಅಳೆದು ಬರೆದಿಡಲು ಹೇಳಿ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ ಚಕ್ರದ ಮೇಲೆ, ಪಿಸ್ಟನ್ ತುತ್ತತುದಿಗೆ ಬಂದುದನ್ನು ತೋರಿಸುವ ‘ಟಿ’ ಗುರುತು ಸರಿಹೊಂದಿದ್ದರಷ್ಟೇ ಸಾಲದು, ಏಕೆಂದರೆ ಆ ಗುರುತು ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿಯೂ ಅದೇ ಜಾಗಕ್ಕೆ ಬರುತ್ತದೆ; ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕಿನ ಕೊನೆಯಲ್ಲಿ ಮಾತ್ರ ಎರಡೂ ರಾಕರ್‌ಗಳು ಕೈಗೆ ಸಡಿಲವಾಗಿ ಸಿಗುತ್ತವೆ. ಸರಿಯಾದ ಅಳತೆ ನಿಮ್ಮ ಬೈಕಿನ ಕೈಪಿಡಿಯಲ್ಲಿರುತ್ತದೆ. ಇದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕವಾದ್ದರಿಂದ ತೆಳು ಲೋಹದ ಪಟ್ಟಿಗಳ ಅಳತೆ ಸಾಧನವಾದ ಫೀಲರ್ ಗೇಜ್ ಇಲ್ಲದೆ ಕೈ ಅಂದಾಜಿನಲ್ಲಿ ಮಾಡುವ ಕೆಲಸವಲ್ಲ.

ಅಂತರ ಪ್ರತಿ ಸಲವೂ ಹೆಚ್ಚಾಗುತ್ತಿದ್ದರೆ ಅಂತರ ಹೊಂದಿಸುವ ಅಡ್ಜಸ್ಟರ್ ಸ್ಕ್ರೂ ಬಿಚ್ಚಿಸಿ, ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ವಾಲ್ವಿನ ಕಾಂಡದ ತುದಿ ಬಡಿದು ಬಡಿದು ಅಲ್ಲಿ ಸಣ್ಣ ಬಟ್ಟಲಿನಂತಹ ಕುಳಿ ಬಿದ್ದಿರಬಹುದು. ಗೇಜಿನ ಚಪ್ಪಟೆ ಪಟ್ಟಿ ಕುಳಿಯ ಅಂಚಿನ ಮೇಲೆ ಕೂತು, ಒಳಗಿನ ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಗೇಜ್ ಸರಿ ಎಂದರೂ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಇಂಥ ಸ್ಕ್ರೂವನ್ನು ಎಷ್ಟು ಸಲ ತಿರುಗಿಸಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು. ಸ್ಕ್ರೂವನ್ನು ಅಲುಗದಂತೆ ಹಿಡಿದಿಡುವ ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕೂಡ ತುಸು ತಿರುಗುವುದರಿಂದ, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು.

ತುದಿ ನಯವಾಗಿಯೇ ಇದ್ದರೆ ರಾಕರನ್ನು ಎತ್ತುವ ಕ್ಯಾಮ್ ಮತ್ತು ರಾಕರ್ ಸವೆದಿವೆಯೇ ಎಂದು ನೋಡಬೇಕು. ಇದಕ್ಕೆ ಮುಖ್ಯ ಕಾರಣ ಆಯಿಲ್ ಕೊರತೆ. ಕೊಡಗಿನಲ್ಲಿ ಬೈಕ್ ನಿಲ್ಲಿಸಲು ಸಮತಟ್ಟಾದ ಜಾಗ ಸಿಗುವುದೇ ಕಷ್ಟ, ಮತ್ತು ಇಳಿಜಾರಿನ ಅಂಗಳದಲ್ಲಿ ನೋಡಿದ ಆಯಿಲ್ ಮಟ್ಟವನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಮನೆಯಿಂದ ತೋಟಕ್ಕೆ ಮಾತ್ರ ಓಡಿದ ಎಂಜಿನ್ ಸಾಕಷ್ಟು ಬಿಸಿಯಾಗದೆ, ಒಳಗೆ ತೇವ ಸೇರಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಬದಲಿಸಿ.

ಅಂತರ ಪ್ರತಿ ಸಲವೂ ಕಡಿಮೆಯಾಗುತ್ತಿದ್ದರೆ ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತಿದೆ ಎಂದರ್ಥ. ಕಾಫಿ ಕೊಯ್ಲಿನ ದಿನಗಳ ಕೆಂಪು ಧೂಳು ಹರಿದ ಏರ್ ಫಿಲ್ಟರ್ ಮೂಲಕ ಒಳಹೋದರೆ ಈ ಸವೆತಕ್ಕೆ ಇನ್ನಷ್ಟು ವೇಗ ಸಿಗುತ್ತದೆ. ಕಾರ್ಬ್ಯುರೇಟರ್ ಬೈಕಿಗೆ ಮಡಿಕೇರಿಯ ಎತ್ತರದಲ್ಲಿ ಪೆಟ್ರೋಲ್ ತೀರಾ ಕಡಿಮೆ ಮಾಡಿ ಟ್ಯೂನ್ ಮಾಡಿಸಿ, ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಜೋರಾಗಿ ಓಡಿಸಿದಾಗ, ಕೆಳಗಿನ ದಟ್ಟ ಗಾಳಿಗೆ ಆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುವುದೂ ಉಂಟು. ಹೀಗೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದ್ದರೆ ಹೆಡ್ ಇಳಿಸದೆ ದಾರಿಯಿಲ್ಲ. ಇಳಿಸಿದ ಹೆಡ್ಡಿನ ಪೋರ್ಟಿಗೆ (ಗಾಳಿ, ಹೊಗೆ ಹಾದುಹೋಗುವ ರಂಧ್ರ) ಸ್ವಲ್ಪ ಸೀಮೆಎಣ್ಣೆ ಹೊಯ್ದು, ವಾಲ್ವಿನ ಸುತ್ತ ಜಿನುಗುತ್ತದೆಯೇ ಎಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಜಿನುಗಿದರೆ ಮೊದಲು ವಾಲ್ವ್ ಗ್ರೈಂಡಿಂಗ್ (ವಾಲ್ವ್ ಮತ್ತು ಸೀಟನ್ನು ಉಜ್ಜಿ ಹೊಂದಿಸುವುದು) ಮಾಡಿಸಿ. ಸೀಟೇ ಆಳಕ್ಕೆ ಇಳಿದಿದ್ದರೆ ಹೊಸ ಸೀಟ್ ಕೂರಿಸಬೇಕು ಅಥವಾ ಹೆಡ್ ಬದಲಿಸಬೇಕು.

ನಿಮ್ಮ ವಿಷಯದಲ್ಲಿ, ಈಗಿನ ಅಂತರ ಬರೆದಿಟ್ಟುಕೊಂಡ ಮೇಲೆ ಮೊದಲು ಅಡ್ಜಸ್ಟರ್ ಸ್ಕ್ರೂಗಳೆರಡನ್ನೂ ಬದಲಿಸಿ, ಅಳತೆಗೆ ಸರಿಯಾಗಿ ಹೊಂದಿಸಿ, 500 ಕಿಲೋಮೀಟರ್ ಓಡಿದ ನಂತರ ಮತ್ತೆ ಅಳೆಸಿ.