ಮದುಮಕ್ಕಳಿಗೆ ಕಿವಿ ಕೇಳಿಸದಿದ್ದರೆ ಫೋಟೋ ತೆಗೆಯುವುದು ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಒಂದು ಮದುವೆ ಆರ್ಡರ್ ಒಪ್ಪಿಕೊಂಡಿದ್ದೇನೆ. ಹುಡುಗ, ಹುಡುಗಿ ಇಬ್ಬರೂ ಕಿವುಡರು. ನನಗೆ ಸನ್ನೆ ಭಾಷೆ ಬರುವುದಿಲ್ಲ. 'ಇಲ್ಲಿ ನೋಡಿ, ಸ್ವಲ್ಪ ನಗಿ' ಅಂತ ಹೇಗೆ ಹೇಳಲಿ?

ಉತ್ತರ: ಮೊದಲು ಕ್ಯಾಮೆರಾ ಕೆಳಗಿಳಿಸಿ. ನಾವೆಲ್ಲ ಕ್ಯಾಮೆರಾ ಹಿಂದೆ ಮುಖ ಇಟ್ಟುಕೊಂಡೇ ಮಾತಾಡುತ್ತೇವೆ, ಅಲ್ವಾ? ಬೇರೆಯವರಿಗೆ ದನಿಯಾದರೂ ಕೇಳಿಸುತ್ತದೆ. ಇವರಿಗೆ ನಿಮ್ಮ ಮುಖ, ಕೈಗಳೇ ಮಾತು. ಹಾಗಾಗಿ ಟ್ರೈಪಾಡ್ ಹಾಕಿ, ಪಕ್ಕದಲ್ಲಿ ನಿಂತುಕೊಳ್ಳಿ. ಹೇಗೆ ನಿಲ್ಲಬೇಕು ಅಂತ ನೀವೇ ನಿಂತು ತೋರಿಸಿ. ಕರೆಯಬೇಕಾದರೆ ಅವರ ಕಣ್ಣಿಗೆ ಬೀಳುವ ಹಾಗೆ ಕೈ ಬೀಸಿ, ಇಲ್ಲವೇ ಭುಜ ಮೆಲ್ಲಗೆ ತಟ್ಟಿ. ಗಲ್ಲ ಹಿಡಿದು ಮುಖ ತಿರುಗಿಸಬೇಡಿ.

ಹಿಂದಿನ ದಿನವೇ ಹೋಗಿ ಮೂರು ಸನ್ನೆ ಅವರಿಂದಲೇ ಕಲಿತು ಬನ್ನಿ: ಇಲ್ಲಿ ನೋಡಿ, ಇನ್ನೊಂದು, ಆಯ್ತು. ಉಳಿದದ್ದನ್ನು ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಕೇಳುವುದು ಮದುಮಕ್ಕಳನ್ನೇ, ಅವರ ಅಪ್ಪ ಅಮ್ಮನನ್ನಲ್ಲ.

ವಿಡಿಯೋ ಲೈಟ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದನ್ನು ನೇರ ಕಣ್ಣಿಗೆ ಹಿಡಿದರೆ ಎದುರಿಗಿದ್ದವರ ಕೈ ಕಾಣುವುದಿಲ್ಲ. ಮಾತೇ ನಿಂತುಹೋಗುತ್ತದೆ. ಸ್ವಲ್ಪ ಮೇಲೆ, ಪಕ್ಕಕ್ಕೆ ಇಡಿ. 'ಗಟ್ಟಿಮೇಳ' ಅಂತ ಪುರೋಹಿತರು ಕೂಗಿದ್ದು, ವಾಲಗ ಜೋರಾಗಿದ್ದು ಮದುಮಕ್ಕಳ ಕಿವುಡ ಗೆಳೆಯರಿಗೆ ಕೇಳಿಸದು. ಅವರು ಅಕ್ಷತೆ ಹಿಡಿದು ಮಂಟಪವನ್ನೇ ನೋಡುತ್ತಿರುತ್ತಾರೆ. ಆ ಹೊತ್ತಿಗೆ ನಾವು ನಾಲ್ಕು ಜನ ಅಡ್ಡ ನಿಂತರೆ ಅವರಿಗೆ ತಾಳಿ ಕಟ್ಟಿದ್ದೇ ಗೊತ್ತಾಗುವುದಿಲ್ಲ.

ಇನ್ನು ಕೈಗಳು. ಮೊದಲ ಸಲ ಇಂಥ ಮದುವೆಗೆ ಹೋದಾಗ ನಾನು ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) 1/60 ಸೆಕೆಂಡ್ ಇಟ್ಟು ತೆಗೆದಿದ್ದೆ. ಮುಖ ಚೊಕ್ಕ ಬಂತು, ಬೆರಳುಗಳು ಹೊಗೆಯ ಹಾಗೆ ಮಸುಕಾಗಿದ್ದವು. ಶಟರ್ ಸ್ಪೀಡ್ 1/250ಕ್ಕಿಂತ ಇಳಿಸಬೇಡಿ. ಕೈ ಮಾತು ವೇಗವಾಗಿದ್ದರೆ 1/500 ಬೇಕು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿ ಫೋಟೋದಲ್ಲಿ ಸ್ವಲ್ಪ ಗ್ರೇನ್, ಅಂದರೆ ಚುಕ್ಕೆ ಚುಕ್ಕೆ, ಬಂದರೂ ಬರಲಿ. ತಲೆಯಿಂದ ಸೊಂಟದವರೆಗೆ ಜಾಗ ಬಿಡಿ. ನಮ್ಮ ದೇಶದ ಸನ್ನೆ ಭಾಷೆಯಲ್ಲಿ ಬೆರಳಿನಿಂದ ಇಂಗ್ಲಿಷ್ ಅಕ್ಷರ ತೋರಿಸುವಾಗ ಬಹುಪಾಲು ಎರಡೂ ಕೈ ಬೇಕು. ಒಂದು ಕೈ ಫ್ರೇಮಿನ ಹೊರಗೆ ಹೋದರೆ ಅಕ್ಷರವೇ ಹೋಯಿತು. ಹುಬ್ಬಿಗೂ ಅಷ್ಟೇ ಬೆಲೆ. ಕೈ ಮಾಡಿದ್ದನ್ನು ಪ್ರಶ್ನೆಯಾಗಿಸುವುದು ಎಷ್ಟೋ ಸಲ ಹುಬ್ಬೇ.

ಸುಮ್ನೆ ಐದು ನಿಮಿಷ ನೋಡುತ್ತಾ ನಿಂತರೆ ಗೊತ್ತಾಗುತ್ತದೆ: ಸನ್ನೆ ಮುಗಿಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಆಗ ಕ್ಲಿಕ್ ಮಾಡಿ. ನಡುವೆ ಹಿಡಿದ ಕೈ ನಮಗೆ ಚಂದ ಕಾಣಬಹುದು, ಭಾಷೆ ಬಲ್ಲವರಿಗೆ ಅದು ಅರ್ಧಕ್ಕೆ ತುಂಡಾದ ಮಾತು. ಆಲ್ಬಮ್ಮಿಗೆ ಫೋಟೋ ಆರಿಸುವಾಗ ಅವರನ್ನು ಕೂರಿಸಿಕೊಳ್ಳಿ.

ಅವರ ಬಳಗದಲ್ಲಿ ಫೋಟೋ ತೆಗೆಯುವವರಿದ್ದರೆ ಜತೆಗೆ ಸೇರಿಸಿಕೊಳ್ಳಿ. ಕಿವುಡರಿಗೂ ಕ್ಯಾಮೆರಾಕ್ಕೂ ನಂಟು ಹಳೆಯದು. ಅಮೆರಿಕದ ಡೀರ್‌ಫೀಲ್ಡ್‌ನಲ್ಲಿ ಫ್ರಾನ್ಸೆಸ್ ಮತ್ತು ಮೇರಿ ಆಲನ್ ಅಂತ ಅಕ್ಕ ತಂಗಿ ಇದ್ದರು. ಇಬ್ಬರೂ ಟೀಚರು. ಕಿವಿ ಕೇಳಿಸದಾದಾಗ ಪಾಠ ಬಿಟ್ಟು ಕ್ಯಾಮೆರಾ ಹಿಡಿದರು, ಅದರಲ್ಲೇ ಬದುಕು ಕಟ್ಟಿಕೊಂಡರು. ಇಬ್ಬರೂ 1941ರಲ್ಲಿ ತೀರಿಕೊಂಡರು, ಅವರ ಫೋಟೋಗಳು ಇಂದಿಗೂ ಉಳಿದಿವೆ.

ಒಂದು ಫೋಟೋಗೆ ಮಾತ್ರ ಶಟರ್ ನಿಧಾನ ಮಾಡಿ, 1/30 ಇರಲಿ. ಅಕ್ಷತೆ ಬಿದ್ದ ಮೇಲೆ ಗೆಳೆಯರೆಲ್ಲ ಎರಡೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸುತ್ತಾರೆ. ಅದು ಅವರ ಚಪ್ಪಾಳೆ.